ಇಳಿಸುವ ವಸಂತಮ್ಮ

ಆಂಬುಲೆನ್ಸ್ ಎಂದರೆ ಜನರನ್ನು ಹತ್ತಿಸಿಕೊಂಡು ಹೋಗುವ ಗಾಡಿ ಎಂದು ಬೇರೆ ಊರಿನವರು ತಿಳಿದಿರಬಹುದು. ಕೌದಳ್ಳಿಯಲ್ಲಿ ಅದು ಜನರನ್ನು ಇಳಿಸಿ ಹೋಗುವ ಗಾಡಿ. ಇಳಿಸುವವಳು ವಸಂತಮ್ಮ. ನನ್ನನ್ನೂ ಇಳಿಸಿದ್ದಾಳೆ, ಅದೂ ನನ್ನದೇ ಮೆಡಿಕಲ್ ಸ್ಟೋರಿನ ಎದುರಿಗೆ, ಗಿರಾಕಿಗಳು ಬಾಯಿಬಿಟ್ಟುಕೊಂಡು ನೋಡುತ್ತಿರುವಾಗ. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಅವಳ ವಿಷಯ ಬರೆಯಲು ಕೂತಿದ್ದೇನೆ.

ಈ ವ್ಯಾನು ಸರ್ಕಾರದ್ದಲ್ಲ. ಸರ್ಕಾರಿ ಆಂಬುಲೆನ್ಸು ಇದೆ, ಕರೆದರೆ ಬರುತ್ತದೆ, ಪಾಪ ಅದರ ತಪ್ಪೇನಿಲ್ಲ. ಆದರೆ ಆ ಕಡೆ ಮಾರ್ಟಳ್ಳಿ, ಈ ಕಡೆ ಬೆಟ್ಟ, ಅದರಾಚೆ ಗೋಪಿನಾಥಂ ಎಂದು ಕಾಡುಮೇಡನ್ನೆಲ್ಲ ಅದೇ ಸುತ್ತಬೇಕು. ಅಮಾವಾಸ್ಯೆ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ಜನ ಇರುವೆ ಸಾಲಿನ ಹಾಗೆ ಹೊರಡುತ್ತಾರೆ, ಆಗ ಅದು ಅಲ್ಲೇ ನಿಂತಿರಬೇಕಾಗುತ್ತದೆ. ಹಾಗಾಗಿ ನಮ್ಮೂರಿನ ಕೆಲವರು ಸೇರಿ ಹಳೆಯದೊಂದು ಓಮ್ನಿ ತಂದು, ಬಿಳಿ ಬಣ್ಣ ಹೊಡೆಸಿ, ನೆತ್ತಿಯ ಮೇಲೊಂದು ದೀಪ ಕೂರಿಸಿ ಬಳಗ ಕಟ್ಟಿದರು. ಡ್ರೈವರ್ ಪಕ್ಕದ ಸೀಟು ಕಿತ್ತು ಅಲ್ಲಿ ಆಕ್ಸಿಜನ್ ಸಿಲಿಂಡರ್ ಬಿಗಿದರು. ಓಡಿಸುವವನು ಮಾದೇಶ. ಉಳಿದ ಹೊತ್ತಿನಲ್ಲಿ ಅವನು ಟ್ರ್ಯಾಕ್ಟರ್ ಓಡಿಸುತ್ತಾನೆ, ವ್ಯಾನನ್ನೂ ಟ್ರ್ಯಾಕ್ಟರ್ ಎಂದುಕೊಂಡೇ ಓಡಿಸುತ್ತಾನೆ. ರೋಗಿಯನ್ನು ನೋಡಿಕೊಳ್ಳುವವಳು ಕವಿತ. ಹೊಲಿಗೆ ಅಂಗಡಿ ಇಟ್ಟಿರುವ ಹುಡುಗಿ, ಕೊಳ್ಳೇಗಾಲಕ್ಕೆ ಹೋಗಿ ಪ್ರಥಮ ಚಿಕಿತ್ಸೆ ಕಲಿತು ಬಂದವಳು. ಯಾರಿಗೂ ಸಂಬಳವಿಲ್ಲ. ವ್ಯಾನು ನಿಲ್ಲುವುದು ನನ್ನ ಅಂಗಡಿಯ ಪಕ್ಕದ ಹುಣಸೇಮರದ ಕೆಳಗೆ. ಆದ್ದರಿಂದ ಅದರ ಜಾತಕ ನನಗೆ ಬಾಯಿಪಾಠ.

ಮೊದಲ ಸವಾರಿಯ ಕಥೆ ಕೇಳಿ. ಚಿಕ್ಕಸಿದ್ದಯ್ಯ ಎಂಬ ಮುದುಕ ಹುಣಸೇಹಣ್ಣು ಬಡಿಯಲು ಮರ ಹತ್ತಿ, ಕೊಂಬೆಯ ಸಮೇತ ಕೆಳಗೆ ಬಂದ. ಕಾಲು ಮುರಿಯಿತು. ವ್ಯಾನು ಸದ್ದು ಮಾಡುತ್ತಾ ಅವನ ಮನೆ ಮುಂದೆ ನಿಂತಿತು. ನಮ್ಮ ಕಡೆ ಒಬ್ಬರಿಗೆ ಏನಾದರೂ ಆದರೆ ಮನೆಯವರೆಲ್ಲ ಹೋಗಲೇಬೇಕು. ಹೋಗದೆ ಉಳಿದವರಿಗೆ ಕರುಳಿಲ್ಲ ಎಂದೇ ಲೆಕ್ಕ. ಹೆಂಡತಿ ಹತ್ತಿದಳು, ಮಕ್ಕಳು ಹತ್ತಿದರು, ಸೊಸೆಯರು ಹತ್ತಿದರು, ತಮ್ಮಂದಿರು ಹತ್ತಿದರು, ಅದೇ ದಾರಿಯಲ್ಲಿ ಹನೂರಿನ ಸಂತೆಗೆ ಹೋಗಬೇಕಿದ್ದ ಷಡ್ಡಕನೂ ಹತ್ತಿದ. ಯಾರೋ ‘ರೈಟ್’ ಎಂದರು. ಮಾದೇಶ ಒತ್ತಿದ. ಹನೂರಿನ ಆಸ್ಪತ್ರೆಯಲ್ಲಿ ಬಾಗಿಲು ತೆಗೆದರೆ ಒಬ್ಬೊಬ್ಬರಾಗಿ ಇಳಿಯುತ್ತಾ ಹೋದರು. ಕೊನೆಯವರೂ ಇಳಿದರು. ಚಿಕ್ಕಸಿದ್ದಯ್ಯ ಇರಲಿಲ್ಲ.

ಅವನು ಇಲ್ಲೇ ಜಗಲಿಯ ಮೇಲೆ, ಮೂಟೆಯ ಮೇಲೆ ಕಾಲಿಟ್ಟುಕೊಂಡು ಬೀಡಿ ಸೇದುತ್ತಾ ಕೂತಿದ್ದ. ಒಳಗಿದ್ದವರೆಲ್ಲ ಮುದುಕ ನಡುವೆ ಎಲ್ಲೋ ಇದ್ದಾನೆ ಎಂದುಕೊಂಡಿದ್ದರು. ಕವಿತ ಆ ಗುಂಪಿನಲ್ಲಿ ಉಸಿರಾಡಲೂ ಆಗದೆ ಯಾರದೋ ಕಾಲನ್ನು ಭದ್ರವಾಗಿ ಹಿಡಿದುಕೊಂಡಿದ್ದಳಂತೆ, ಅದು ಷಡ್ಡಕನ ಕಾಲು.

ಹೊಲದಿಂದ ಬರುತ್ತಿದ್ದ ವಸಂತಮ್ಮ ಜಗಲಿಯ ಮುಂದೆ ನಿಂತಳು. ‘ಇದ್ಯಾಕಣ್ಣಾ, ಇಲ್ಲೇ ಕುಂತಿದ್ದೀಯಾ?’ ಎಂದಳು.

‘ಎಲ್ರೂ ನನ್ನ ಆಸ್ಪತ್ರೆಗೆ ಸೇರ್ಸಕೆ ಓದ್ರು ಕಣವ್ವ’ ಎಂದ ಚಿಕ್ಕಸಿದ್ದಯ್ಯ.

ವ್ಯಾನು ವಾಪಸು ಬರುವವರೆಗೂ ವಸಂತಮ್ಮ ಅಲ್ಲೇ ಇದ್ದಳು. ಬಂದ ಮೇಲೆ ಬಾಗಿಲಿಗೆ ಅಡ್ಡ ನಿಂತಳು. ಮುದುಕನನ್ನು ಮಲಗಿಸಿದ ಮೇಲೆ, ಹತ್ತಲು ಬಂದ ಬೀದಿಯವರಿಗೆ ಒಂದೇ ಮಾತು ಹೇಳಿದಳು. ‘ಇಳೀರಿ.’

ಆ ದನಿಯ ಬಗ್ಗೆ ಹೇಳಬೇಕು. ಅವಳ ಹೊಲ ಕಾಡಂಚಿನಲ್ಲಿದೆ. ಜೋಳ ತೆನೆ ಕಟ್ಟುವ ಕಾಲಕ್ಕೆ ಹಂದಿ ಬರುತ್ತದೆ, ಆನೆ ಬರುತ್ತದೆ. ಗಂಡ ಮಾದಣ್ಣ ಅಟ್ಟಣೆಯ ಮೇಲೆ ಪಟಾಕಿ ಹುಡುಕುತ್ತಿರುವಷ್ಟರಲ್ಲಿ ವಸಂತಮ್ಮ ಕೂಗಿ ಓಡಿಸಿರುತ್ತಿದ್ದಳು. ಆನೆಯೇ ಹೋದ ಮೇಲೆ ನೆಂಟರಿಷ್ಟರು ಯಾವ ಲೆಕ್ಕ. ಅಂದಿನಿಂದ ಅವಳು ಬಳಗದವಳಾದಳು. ಯಾರೂ ಸೇರಿಸಿಕೊಳ್ಳಲಿಲ್ಲ, ಯಾರೂ ಬೇಡ ಎನ್ನುವ ಧೈರ್ಯವನ್ನೂ ಮಾಡಲಿಲ್ಲ.

ಅವಳ ಕಾಯಿದೆ ಸರಳ. ಮಲಗಿದ ರೋಗಿ, ಕವಿತ, ವಸಂತಮ್ಮ, ಮನೆಯವರು ಒಬ್ಬರು. ಒಬ್ಬರು ಎಂದರೆ ಒಬ್ಬರೇ. ಆ ಒಬ್ಬರು ಯಾರು ಎಂದು ಜಗಳ ಹತ್ತಿದಾಗ ಅವಳು ರೋಗಿಯನ್ನೇ ಕೇಳಲು ಶುರುಮಾಡಿದಳು. ‘ಯಾರು ಬರ್ಬೇಕು? ಒಂದೆಸ್ರು ಯೋಳು.’ ಅಲ್ಲಿಗೆ ಊರಿನ ನೆಮ್ಮದಿ ಕೆಟ್ಟಿತು.

ಏಕೆಂದರೆ ನೋವಿನಲ್ಲಿರುವ ಮನುಷ್ಯ ನಿಜ ಹೇಳಿಬಿಡುತ್ತಾನೆ. ದೊಡ್ಡಮಾದಯ್ಯನಿಗೆ ಹೊಟ್ಟೆನೋವು ಬಂದಾಗ ಹೆಂಡತಿ ಪುಟ್ಟಮಾದಮ್ಮ ಸೆರಗು ಸಿಕ್ಕಿಸಿಕೊಂಡು ಒಂದು ಕಾಲು ಒಳಗಿಟ್ಟೇಬಿಟ್ಟಿದ್ದಳು. ಅವನು ಕಣ್ಣು ಮುಚ್ಚಿಕೊಂಡೇ ‘ಚಿಕ್ಕಸಿದ್ದಯ್ಯನ್ ಕರೀರಿ’ ಎಂದ. ಇಸ್ಪೀಟಿನ ಜೊತೆಗಾರ! ಚಿಕ್ಕಸಿದ್ದಯ್ಯ ಕುಂಟುತ್ತಾ ಬಂದು ಹತ್ತಿದ. ಪುಟ್ಟಮಾದಮ್ಮನನ್ನು ವಸಂತಮ್ಮ ಇಳಿಸಿದಳು. ಆಮೇಲೆ ಪುಟ್ಟಮಾದಮ್ಮ ಗಂಡನ ಜೊತೆ ಮಾತು ಬಿಟ್ಟಳು, ಅದಕ್ಕಿಂತ ಗಟ್ಟಿಯಾಗಿ ವಸಂತಮ್ಮನ ಜೊತೆ ಬಿಟ್ಟಳು. ಬೀದಿಯಲ್ಲಿ ಎದುರಾದರೆ ನೆಲಕ್ಕೆ ಉಗುಳಿ ಪಕ್ಕದ ಓಣಿ ಹಿಡಿಯುತ್ತಿದ್ದಳು.

ನನ್ನ ಕಥೆಯೂ ಬೇರೆಯಲ್ಲ. ನನ್ನ ತಾಯಿ ತಲೆ ಸುತ್ತಿ ಬಿದ್ದಾಗ, ಔಷಧಿ ಅಂಗಡಿ ಇಟ್ಟಿರುವ ಒಬ್ಬನೇ ಮಗ ನಾನು ವ್ಯಾನಿನಲ್ಲಿ ಪಕ್ಕದಲ್ಲೇ ಕೂತಿದ್ದೆ. ಅವ್ವ ನನ್ನ ಮುಖ ನೋಡಿ, ‘ಸೊಸೆ ಬರ್ಲಿ’ ಎಂದರು. ಸೊಸೆಗೂ ಅವ್ವನಿಗೂ ಉಪ್ಪಿನಕಾಯಿ ಜಾಡಿಯ ವಿಷಯದಲ್ಲಿ ಆ ದಿನ ಬೆಳಿಗ್ಗೆಯೂ ಯುದ್ಧ ನಡೆದಿತ್ತು! ‘ಇಳೀರಿ ಶಾಂತಣ್ಣ’ ಎಂದಳು ವಸಂತಮ್ಮ. ಇಳಿದೆ.

ಮಾರ್ಟಳ್ಳಿಯಲ್ಲಿ ಒಮ್ಮೆ ಒಬ್ಬ ಅಜ್ಜಿ ತಮಿಳಿನಲ್ಲಿ ಎಲ್ಲರೂ ಬರಲಿ ಎಂದು ಅಪ್ಪಣೆ ಕೊಟ್ಟಿದ್ದಳು. ವಸಂತಮ್ಮನಿಗೆ ತಮಿಳು ಬರುವುದು ಒಂದೇ ಶಬ್ದ. ‘ಎರಂಗು’ ಎಂದಳು. ಇಡೀ ಕುಟುಂಬ ಇಳಿಯಿತು.

ಎರಡನೆಯ ಕಾಯಿದೆ ಬಂದದ್ದು ಮಾದೇಶನಿಂದ. ಅವನಪ್ಪನಿಗೆ ಚೇಳು ಕಡಿದಾಗ ಅವನೇ ಓಡಿಸಿದ. ಕಣ್ಣು ಮಂಜಾಗಿ, ಹನೂರಿನ ಆಸ್ಪತ್ರೆಯ ಗೇಟು ದಾಟಿ ಕಾಮಗೆರೆಯ ಹತ್ತಿರ ಹೋಗಿಬಿಟ್ಟಿದ್ದ. ಚೇಳು ಕಡಿಸಿಕೊಂಡ ಅಪ್ಪನೇ ಹಿಂದಿನಿಂದ ‘ಲೇ, ಆಸ್ಪತ್ರೆ ಇಂದ್ಗಡೆ ಓಯ್ತು ಕಣ್ಲಾ’ ಎಂದು ಕೂಗಬೇಕಾಯಿತು. ಮಾರನೆಯ ದಿನ ವಸಂತಮ್ಮ ಹುಣಸೇಮರದ ಕೆಳಗೆ ಎಲ್ಲರನ್ನೂ ಸೇರಿಸಿ ಹೇಳಿದಳು. ತಮ್ಮ ಮನೆಯವರಿಗೆ ಏನಾದರೂ ಆದರೆ ಬಳಗದವರಿಗೆ ಆ ದಿನ ಡ್ಯೂಟಿ ಇಲ್ಲ. ಅವರು ಆ ದಿನ ಬರೀ ನೆಂಟರು. ಎಲ್ಲರೂ ತಲೆಯಾಡಿಸಿದರು. ನಾನೂ ಅಂಗಡಿಯ ಕೌಂಟರಿನಿಂದಲೇ ಆಡಿಸಿದೆ.

ಹೀಗೇ ನಡೆಯುತ್ತಿತ್ತು. ಈ ಸಲ ಜೋಳ ಒಕ್ಕಣೆಯ ಸಮಯದಲ್ಲಿ ಒಂದು ಮಧ್ಯಾಹ್ನ ವಸಂತಮ್ಮನ ಗಂಡ ಮಾದಣ್ಣ ನನ್ನ ಅಂಗಡಿಗೆ ಬಂದ. ಮೈಯೆಲ್ಲ ಜೋಳದ ಹೊಟ್ಟು. ಮಿಷನ್ನಿನ ಹತ್ತಿರ ಕೆಲಸ ಮಾಡುತ್ತಿದ್ದವನು ನಡೆದೇ ಬಂದಿದ್ದ.

‘ಶಾಂತಣ್ಣ, ಒಂದು ಗ್ಯಾಸಿನ್ ಮಾತ್ರೆ ಕೊಡು’ ಎಂದ.

ನಮ್ಮ ಕಡೆ ಎದೆನೋವು ಎಂಬ ಕಾಯಿಲೆಯೇ ಇಲ್ಲ, ಇರುವುದೆಲ್ಲ ಗ್ಯಾಸು. ಗ್ಯಾಸಿನ ಮಾತ್ರೆ ಮಾರಿಯೇ ನಾನು ಮನೆಗೆ ಮಹಡಿ ಕಟ್ಟಿಸಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ಅವನ ಹಣೆಯ ಬೆವರು ನೋಡಿದರೆ ಬಿಸಿಲಿನ ಬೆವರಿನ ಹಾಗಿರಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ. ನಾನು ಮಾತ್ರೆ ಕೊಡಲಿಲ್ಲ. ಬೆಂಚಿನ ಮೇಲೆ ಕೂರಿಸಿ ಮಾದೇಶನಿಗೆ, ಕವಿತಳಿಗೆ ಫೋನು ಮಾಡಿದೆ. ವಸಂತಮ್ಮನಿಗೆ ಮಾಡಲು ಕೈ ಬರಲಿಲ್ಲ. ಯಾರೋ ಓಡಿಹೋಗಿ ಹೇಳಿದರು.

ಅವಳು ಬಂದಳು. ಗಂಡನ ಮುಖವನ್ನು ಒಂದು ಸಲ ನೋಡಿದಳು. ಅಷ್ಟು ವರ್ಷದಿಂದ ವ್ಯಾನಿನಲ್ಲಿ ಎಂತೆಂಥ ಮುಖ ನೋಡಿದವಳು. ‘ನಡ್ಸಬ್ಯಾಡಿ, ಎತ್ತಿ ಮನಗ್ಸಿ’ ಎಂದಳು, ಅಷ್ಟೇ. ಮಾದೇಶನೂ ಇನ್ನಿಬ್ಬರೂ ಎತ್ತಿ ಮಲಗಿಸಿದರು. ಕವಿತ ಸಿಲಿಂಡರಿನ ಕೊಳವೆ ಎಳೆದು ಮೂಗಿಗೆ ಹಿಡಿದಳು.

ಅಷ್ಟರಲ್ಲಿ ಎದೆ ಬಡಿದುಕೊಳ್ಳುತ್ತಾ ರಾಚಮ್ಮ ಬಂದಳು, ಮಾದಣ್ಣನ ಅಕ್ಕ, ಪಕ್ಕದ ಬೀದಿಯಲ್ಲೇ ಇರುವವಳು. ನಾದಿನಿ ಅತ್ತಿಗೆಯರ ಈ ಜೋಡಿ ಊರಿಗೆಲ್ಲ ಪ್ರಸಿದ್ಧ. ವಸಂತಮ್ಮ ಮದುವೆಯಾಗಿ ಬಂದ ವಾರದಲ್ಲಿ ಮಾಡಿದ ಉಪ್ಸಾರನ್ನು ರಾಚಮ್ಮ ‘ಇದು ಕೈ ತೊಳ್ಯಕಾ?’ ಎಂದು ಕೇಳಿದ್ದಳಂತೆ. ಆವತ್ತಿನಿಂದ ಮಾದಣ್ಣನಿಗೆ ಯಾವುದು ಇಷ್ಟ, ಯಾವುದು ಆಗದು, ಅವನು ಯಾರ ಮಾತು ಕೇಳುತ್ತಾನೆ ಎಂಬ ಒಂದೇ ಮೊಕದ್ದಮೆ ಇಬ್ಬರ ನಡುವೆ ನಡೆಯುತ್ತಲೇ ಇದೆ. ರಾಚಮ್ಮ ಬಂದವಳೇ ಒಂದು ಕಾಲು ವ್ಯಾನಿನೊಳಗಿಟ್ಟಳು. ವಸಂತಮ್ಮನ ಕಾಲು ಆಗಲೇ ಅಲ್ಲಿತ್ತು.

ಅಲ್ಲಿ ಸೇರಿದ್ದವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಇದೇ ಬಾಗಿಲಿನಿಂದ ಇಳಿದವರು. ದೊಡ್ಡಮಾದಯ್ಯ ಇದ್ದ, ಪುಟ್ಟಮಾದಮ್ಮ ಇದ್ದಳು, ನಾನಿದ್ದೆ. ಎಲ್ಲರಿಗೂ ಮಾದಣ್ಣನ ಜೀವದ ಚಿಂತೆಯಿತ್ತು, ದೇವರಾಣೆಗೂ ಇತ್ತು. ಆದರೂ ನಮ್ಮ ಕಣ್ಣೆಲ್ಲ ಆ ಎರಡು ಕಾಲಿನ ಮೇಲಿತ್ತು.

ಕೇಳಬೇಕಾದವಳು ಈಗ ಕವಿತ. ಅವಳು ಬಗ್ಗಿ ಕೇಳಿದಳು. ‘ಮಾದಣ್ಣ, ಯಾರು ಬರ್ಬೇಕು?’

ಮಾದಣ್ಣ ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಮುಖ ತಿರುಗಿಸಿದ.

‘ಅಕ್ಕ ಬರ್ಲಿ’ ಎಂದ.

ರಾಚಮ್ಮನಿಗೇ ನಂಬಿಕೆ ಬರಲಿಲ್ಲ. ಅಳುವುದನ್ನು ನಿಲ್ಲಿಸಿ ಸುತ್ತ ನೋಡಿದಳು. ಮಾದೇಶ ಡ್ರೈವರ್ ಸೀಟಿನಿಂದ ತಿರುಗಿ, ‘ವಸಂತಕ್ಕ, ನೀವೂ ಬನ್ನಿ. ನೀವು ನಮ್ಮವ್ರಲ್ವಾ’ ಎಂದ. ಕವಿತಳೂ ಸರಿದು ಜಾಗ ಮಾಡಿದಳು. ಹತ್ತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾನಂತೂ ಅನ್ನುತ್ತಿರಲಿಲ್ಲ. ಹತ್ತಲಿ ಎಂದೇ ಆಸೆಪಟ್ಟೆ.

‘ಇವತ್ತು ನಾನು ಇವರ ಎಂಡ್ತಿ’ ಎಂದಳು ವಸಂತಮ್ಮ. ‘ಡ್ಯೂಟಿಲಿಲ್ಲ. ಮಾತಾಡ್ತಾ ನಿಂತ್ರೆ ಒತ್ತಾಯ್ತದೆ, ಒಂಡ್ಲಾ ಮಾದೇಶ.’

ಕಾಲು ಕೆಳಗಿಟ್ಟಳು. ತಾನೇ ಬಾಗಿಲು ಎಳೆದು ಮುಚ್ಚಿದಳು.

ವ್ಯಾನು ಹನೂರು ರಸ್ತೆಯ ತಿರುವಿನಲ್ಲಿ ಮರೆಯಾಯಿತು. ಅದರ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ಇಲ್ಲ. ವ್ಯಾನು ಹೋದ ಮೇಲೆ ಈ ಬೀದಿ ಹೇಗಿರುತ್ತದೆ ಎಂದು ವಸಂತಮ್ಮನಿಗೆ ಗೊತ್ತಿರಲಿಲ್ಲ. ಅವಳು ಯಾವಾಗಲೂ ಒಳಗಿದ್ದವಳು. ನಮಗೆಲ್ಲ ಚೆನ್ನಾಗಿ ಗೊತ್ತಿತ್ತು. ಧೂಳು ಕೂರುತ್ತದೆ, ಕೋಳಿಗಳು ಮತ್ತೆ ರಸ್ತೆಗೆ ಬರುತ್ತವೆ, ಕೈಯನ್ನು ಎಲ್ಲಿಟ್ಟುಕೊಳ್ಳಬೇಕು ಎಂದು ತಿಳಿಯುವುದಿಲ್ಲ. ಅವಳು ಅಲ್ಲೇ ನಿಂತಿದ್ದಳು. ಆನೆ ಓಡಿಸಿದ ಹೆಂಗಸು, ಒಂದು ಹೆಜ್ಜೆ ಎತ್ತಿಡಲಾರದೆ ನಿಂತಿದ್ದಳು. ನೋಡಲಾಗದೆ ನಾನು ಅಂಗಡಿಯೊಳಗಿನ ಡಬ್ಬಿಗಳನ್ನು ಸುಮ್ಮನೆ ಆ ಕಡೆ ಈ ಕಡೆ ಮಾಡಿದೆ.

ಪುಟ್ಟಮಾದಮ್ಮ ಗುಂಪಿನಿಂದ ಹೊರಗೆ ಬಂದಳು. ವರ್ಷಗಟ್ಟಲೆ ಕೂಡಿಟ್ಟ ಮಾತನ್ನು ಈಗ ಬಡ್ಡಿ ಸಮೇತ ಆಡುತ್ತಾಳೆ ಎಂದುಕೊಂಡೆ. ಅವಳು ವಸಂತಮ್ಮನ ಕಾಲು ನೋಡಿದಳು.

‘ಚಪ್ಲಿ ಎಲ್ಲಿ?’ ಎಂದಳು.

ವಸಂತಮ್ಮ ಕೆಳಗೆ ನೋಡಿದಳು. ಬರಿಗಾಲು. ಮಧ್ಯಾಹ್ನದ ಟಾರು ಸುಡುತ್ತಿತ್ತು. ಅದು ಅವಳಿಗೆ ಆಗಲೇ ಗೊತ್ತಾದದ್ದು.

‘ಇಳ್ಸಿದ್ ಮ್ಯಾಲೇ ಗೊತ್ತಾಗದು ಅದು’ ಎಂದಳು ಪುಟ್ಟಮಾದಮ್ಮ. ‘ನಂಗೂ ಅಂಗೇ ಆಗಿತ್ತು. ಈಗ ಕೇಳು. ಮನೆಗ್ ಓಗು. ಆಧಾರ್ ಕಾರ್ಡು, ರೇಷನ್ ಕಾರ್ಡು ತಕ. ಒಂದು ಬೆಡ್‌ಶೀಟು, ಒಂದು ಪಂಚೆ, ಲೋಟ, ಚೊಂಬು. ಯಳಂದೂರಿಗೆ ಕೊಟ್ಟಿದ್ದೀಯಲ್ಲ ಮಗ್ಳು, ಮೇಘನಾ, ಅವ್ಳಿಗೆ ಫೋನ್ ಮಾಡು. ಅಳ್ತಾ ಮಾಡ್ಬ್ಯಾಡ, ಆ ಕೂಸು ಅಲ್ಲಿ ಎದುರ್ಕತದೆ.’

‘ಇದೆಲ್ಲ...’ ಎಂದಳು ವಸಂತಮ್ಮ.

‘ಇನ್ನೇನು? ನೀವು ಸದ್ದು ಮಾಡ್ಕಂಡು ಒಂಟೋಯ್ತೀರಿ. ಸಂಜೆಗೆ ಆಸ್ಪತ್ರೆಲಿ ಆಸಾಕೆ, ಒದಿಯಾಕೆ, ಗಂಜಿ ಕುಡಿಯಾಕೆ ಎಲ್ಲ ಎಲ್ಲಿಂದ ಬತ್ತದೆ ಅಂದ್ಕಂಡಿದ್ದೆ? ನಾವೇ ತಕಂಡ್ ಬರದು. ಇಳ್ದೋರು.’

ವಸಂತಮ್ಮ ನಿಜವಾಗಿಯೂ ಏನೂ ಅಂದುಕೊಂಡಿರಲಿಲ್ಲ. ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಚೀಲಗಳು ಬಂದಿರುತ್ತಿದ್ದವು, ಯಾರೋ ತರುತ್ತಿದ್ದರು. ತಂದವರು ಬಸ್ಸಿಗೆ ಕಾದು, ಜೋಳದ ಗಾಡಿಗೆ ಕೈ ಒಡ್ಡಿ, ದಾರಿಯುದ್ದಕ್ಕೂ ರೋಗಿ ಇದ್ದಾನೋ ಇಲ್ಲವೋ ಎಂದು ಗೊತ್ತಿಲ್ಲದೆ ಬಂದಿರುತ್ತಾರೆ ಎಂದು ಅವಳಿಗೆ ಹೊಳೆದದ್ದೇ ಇಲ್ಲ. ಇದನ್ನು ಅವಳೇ ಆಮೇಲೆ ನನಗೆ ಹೇಳಿದಳು.

ಪುಟ್ಟಮಾದಮ್ಮ ತನ್ನ ಚಪ್ಪಲಿ ಬಿಟ್ಟು ಅವಳ ಕಾಲಿನ ಮುಂದೆ ಸರಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, ಅಷ್ಟು ಕಾಲದ ಮೇಲೆ ಮೊದಲ ಸಲ ಬಾಯಿಬಿಟ್ಟು, ‘ನಿಂತ್ಕಂಡು ಏನ್ ನೋಡ್ತಾ ಇದ್ದೀಯ, ಟೆಂಪೋ ತಕಂಡ್ ಬಾ’ ಎಂದು ಗದರಿದಳು. ದೊಡ್ಡಮಾದಯ್ಯನ ಮುಖ ಅರಳಿತು. ಜೋಳದ ಮೂಟೆ ಸಾಗಿಸಲು ತಂದಿದ್ದ ಟೆಂಪೋವನ್ನು ಅವನು ಹಾರಿಸಿಕೊಂಡು ಬಂದ. ವಸಂತಮ್ಮ ಮನೆಗೆ ಹೋಗಿ ಮಗಳಿಗೆ ಫೋನು ಮಾಡಿ ಸಾಮಾನು ತಂದ ಮೇಲೆ ಹೆಂಗಸರಿಬ್ಬರೂ ಹಿಂದೆ ಖಾಲಿ ಚೀಲಗಳ ಮೇಲೆ ಕೂತರು. ನಾನೂ ಷಟರ್ ಎಳೆದು ಹತ್ತಿದೆ. ಯಾರೂ ಇಳಿಸಲಿಲ್ಲ.

ಹನೂರಿನಲ್ಲಿ ಇಂಜೆಕ್ಷನ್ ಕೊಟ್ಟು ಕೊಳ್ಳೇಗಾಲಕ್ಕೆ ಕಳಿಸಿದ್ದರು. ಟೆಂಪೋ ಆ ಕಡೆ ತಿರುಗಿತು. ದಾರಿಯಲ್ಲಿ ವಸಂತಮ್ಮನ ಫೋನು ಒಂದು ಸಲವೂ ರಿಂಗಾಗಲಿಲ್ಲ. ಪುಟ್ಟಮಾದಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟು, ‘ಫೋನ್ ಬರ್ದೇ ಇದ್ರೆ ಒಳ್ಳೇದು ಅಂತ ಲೆಕ್ಕ’ ಎಂದಳು. ಅದನ್ನೂ ಅವಳು ಅನುಭವದಿಂದಲೇ ಕಲಿತದ್ದು.

ಕೊಳ್ಳೇಗಾಲದ ಆಸ್ಪತ್ರೆಯ ಬಾಗಿಲಲ್ಲಿ ಕವಿತ ನಿಂತಿದ್ದಳು. ದೂರದಿಂದಲೇ ಕೈಯೆತ್ತಿ ತೋರಿಸಿದಳು, ಇದ್ದಾನೆ ಎಂದು. ಸರಿಯಾದ ಹೊತ್ತಿಗೆ ಬಂದಿರಿ, ಎರಡು ದಿನ ಇಲ್ಲೇ ಇರಲಿ, ಆಮೇಲೆ ಮೈಸೂರಿಗೆ ಹೋಗಿ ಒಮ್ಮೆ ತೋರಿಸಿ ಎಂದು ಡಾಕ್ಟರು ಹೇಳಿದರು. ನನಗೆ ಆಗ ಬಂದಷ್ಟು ಅಳು ನನ್ನ ಅವ್ವ ತಲೆ ಸುತ್ತಿ ಬಿದ್ದಾಗಲೂ ಬಂದಿರಲಿಲ್ಲ.

ವಸಂತಮ್ಮ ಒಳಗೆ ಹೋದಳು. ಬೆಡ್‌ಶೀಟು ಹಾಸಲು ಎಂದು ನಾನೂ ಹಿಂದೆಯೇ ಹೋದೆ. ನಿಜ ಹೇಳಬೇಕೆಂದರೆ ಕೇಳಿಸಿಕೊಳ್ಳಲು ಹೋದೆ. ರಾಚಮ್ಮ ಪಕ್ಕದ ಸ್ಟೂಲಿನಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದಳು.

ವಸಂತಮ್ಮ ಸುತ್ತು ಬಳಸಲಿಲ್ಲ. ‘ನಾನ್ ಯಾಕ್ ಬ್ಯಾಡ ಆದೆ?’ ಎಂದಳು.

ಮಾದಣ್ಣ ಮೆಲ್ಲಗೆ ಹೇಳಿದ. ‘ಅಕ್ಕುಂಗೆ ಏನೂ ಗೊತ್ತಾಗಲ್ಲ ಕಣೆ. ಗ್ಯಾಸು ಕಣ್ಲಾ, ಬರೀ ಗ್ಯಾಸು ಅಂತ ದಾರಿ ಉದ್ದಕ್ಕೂ ಬೆನ್ ನೀವ್ತಾ ಬಂದ್ಲು. ನಾನೂ ನಂಬ್ಕಂಡು ಮನೀಕಂಡಿದ್ದೆ. ನೀನ್ ಬಂದಿದ್ರೆ ನಿನ್ ಮೊಕ ನೋಡ್ಬೇಕಾಯ್ತಿತ್ತು. ಅಂಗಡಿ ತಾವೇ ನೋಡ್ದೆ. ಇವ್ನು ಉಳಿಯಲ್ಲ ಅಂತ ಬರ್ದಿತ್ತು ಅದ್ರಲ್ಲಿ.’

‘ಮಾತಾಡ್ಬ್ಯಾಡಿ ಅಂದವ್ರೆ ಡಾಕ್ಟ್ರು. ಸುಮ್ಕೆ ಮನೀಕಳಿ’ ಎಂದಳು ವಸಂತಮ್ಮ. ಪಂಚೆ ಮಡಿಸಿಟ್ಟಳು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. ಹೊರಗೆ ಬಂದು ಕಾರಿಡಾರಿನಲ್ಲಿ ಪುಟ್ಟಮಾದಮ್ಮನ ಹೆಗಲಿಗೆ ಮುಖ ಒತ್ತಿ ಜೋರಾಗಿ ಅತ್ತಳು. ಗಂಟಲು ಎಂಥದ್ದು ಎಂದು ಮೊದಲೇ ಹೇಳಿದ್ದೇನೆ. ಎರಡು ವಾರ್ಡಿನ ಜನ ಎದ್ದು ಬಂದರು, ನರ್ಸು ಬಂದು ಯಾರು ಹೋದರು ಎಂದು ವಿಚಾರಿಸಿದಳು.

ಮಾದಣ್ಣ ಮನೆಗೆ ಬಂದ. ಉಪ್ಪಿಲ್ಲದ ಊಟ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಉಪ್ಸಾರಿನ ಮೊಕದ್ದಮೆಯಲ್ಲಿ ಈಗ ಹೊಸ ವಿಚಾರಣೆ ನಡೆಯುತ್ತಿದೆ.

ಹತ್ತು ದಿನದ ಮೇಲೆ ಗೋಪಿನಾಥಂ ಕಡೆಯಿಂದ ಒಂದು ಹೆರಿಗೆಯ ಕರೆ ಬಂತು. ಮಾದೇಶ ವ್ಯಾನು ಹೊರಡಿಸಿದ, ಕವಿತ ಹತ್ತಿದಳು, ವಸಂತಮ್ಮನೂ ಹೊರಟಳು. ಅವಳ ಹಿಂದೆಯೇ ದೊಡ್ಡಮಾದಯ್ಯನ ಟೆಂಪೋ, ಅದರಲ್ಲಿ ಪುಟ್ಟಮಾದಮ್ಮ. ಅಲ್ಲಿ ಎಂದಿನಂತೆ ಮನೆಯವರೆಲ್ಲ ಮುತ್ತಿಕೊಂಡರಂತೆ. ಬಸುರಿ ಹೆಂಗಸು ತನ್ನ ತಂಗಿಯ ಹೆಸರು ಹೇಳಿದಳಂತೆ. ಗಂಡನನ್ನು ವಸಂತಮ್ಮ ತೋಳು ಹಿಡಿದು ಇಳಿಸಿದಳು. ಆಮೇಲೆ ತಾನೂ ಇಳಿದಳು.

‘ಯಾಕಕ್ಕ? ನೀವ್ ಬರಲ್ವಾ?’ ಎಂದು ಮಾದೇಶ ಗಾಬರಿಯಾದ.

‘ಒಳ್ಗಡೆ ಕವಿತ ಅವ್ಳೆ’ ಎಂದಳು ವಸಂತಮ್ಮ, ಆ ಗಂಡನ ತೋಳು ಬಿಡದೆ. ‘ಒರ್ಗಡೆ ಯಾರವ್ರೆ?’

ಮಾದೇಶ ವ್ಯಾನು ಓಡಿಸಿಕೊಂಡು ಹೋದ. ಆ ಗಂಡ ರಸ್ತೆಯ ಮಧ್ಯೆ ನಿಂತು ಅಳುತ್ತಿದ್ದನಂತೆ, ವಸಂತಮ್ಮ ಅವನ ಪಕ್ಕದಲ್ಲೇ ನಿಂತಿದ್ದಳಂತೆ.